ಚಕ್ರಕೀಲಿನ ಕೋವಿ ಮತ್ತು ಕನ್ನಡನಾಡಿನ ಕುಲುಮೆ: ಬೇಲೂರು–ಬಲಂ ಸೀಮೆಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಪೀಠಿಕೆ

ಕರ್ನಾಟಕದ ಸೈನಿಕ ಇತಿಹಾಸವನ್ನು ಕುರಿತ ಬರೆಹಗಳು ಬಹುಮಟ್ಟಿಗೆ ಯುದ್ಧ, ಒಪ್ಪಂದ ಮತ್ತು ಕೋಟೆಗಳನ್ನು ಆಧರಿಸಿವೆ. ಆಯುಧವನ್ನು ಹಿಡಿದವರ ಹೆಸರು ಶಾಸನಗಳಲ್ಲಿಯೂ ಬಖೈರುಗಳಲ್ಲಿಯೂ ಉಳಿದುಬಂದಿರುವಷ್ಟು, ಆಯುಧವನ್ನು ಮಾಡಿದವರ ಕೆಲಸ ದಾಖಲಾಗಿಲ್ಲ. ಕಮ್ಮಾರನ ವಿದ್ಯೆ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಸಾಗಿದ್ದು. ಆದ್ದರಿಂದ ಅದನ್ನು ತಿಳಿಯಲು ಉಳಿದಿರುವ ಪ್ರಮುಖ ಆಕರವೆಂದರೆ ಅವನು ಮಾಡಿದ ವಸ್ತುವೇ. ಹಳೆಯ ವಸ್ತುವೊಂದನ್ನು ಅದೇ ಬಗೆಯ ಸಾಮಗ್ರಿಯಿಂದ, ಅದೇ ಬಗೆಯ ಕೈಯುಪಕರಣಗಳಿಂದ ಮತ್ತೆ ನಿರ್ಮಿಸಿ ನೋಡುವ ಪದ್ಧತಿಯನ್ನು ಪುರಾತತ್ತ್ವಜ್ಞರು ಪ್ರಾಯೋಗಿಕ ಪುರಾತತ್ತ್ವವೆಂದು ಕರೆಯುತ್ತಾರೆ. ಮಡಕೆ, ಮಣಿ, ಕಬ್ಬಿಣದ ಕುಲುಮೆ ಮೊದಲಾದವುಗಳ ಅಧ್ಯಯನದಲ್ಲಿ ಈ ಪದ್ಧತಿ ಈಗಾಗಲೇ ನೆಲೆಗೊಂಡಿದೆ. ಯುರೋಪಿನಲ್ಲಿ ಹಳೆಯ ಕೋವಿಗಳ ವಿಷಯದಲ್ಲಿಯೂ ಇದು ನಡೆದಿದೆ. ಅಲ್ಲಿ ಕುಶಲಕರ್ಮಿಗಳು ಕೈಯಿಂದ ಮರುನಿರ್ಮಿಸಲು ಯತ್ನಿಸುವ ಕೋವಿಗಳಲ್ಲಿ ಅತ್ಯಂತ ಜಟಿಲವಾದುದು ವ್ಹೀಲ್‌ಲಾಕ್, ಅಂದರೆ ಚಕ್ರಕೀಲಿನ ಕೋವಿ.

ಈ ಚಕ್ರಕೀಲು ಕನ್ನಡನಾಡಿನಲ್ಲಿ ಬೇರೂರಲಿಲ್ಲ. ಇಲ್ಲಿಯ ಸೈನ್ಯಗಳು ಬತ್ತಿಯ ಕೋವಿಯಿಂದ ನೇರವಾಗಿ ಚಕಮಕಿಯ ಕೋವಿಗೆ ಸಾಗಿದವು. ಇದನ್ನು ಕೆಲವರು ಇಲ್ಲಿಯ ಕಮ್ಮಾರಿಕೆಯ ಹಿಂದುಳಿಕೆಗೆ ನಿದರ್ಶನವೆಂದು ಭಾವಿಸುವುದುಂಟು. ಆದರೆ ಚಕ್ರಕೀಲನ್ನು ಕೈಯಿಂದ ಮಾಡಲು ಏನೇನು ಬೇಕು ಎಂಬುದನ್ನು ಭಾಗಭಾಗವಾಗಿ ಪರಿಶೀಲಿಸಿದಾಗ ಬೇರೊಂದು ಉತ್ತರ ದೊರೆಯುತ್ತದೆ. ಬೇಲೂರು ಮತ್ತು ಅದಕ್ಕೆ ಹೊಂದಿದ ಬಲಂ ಸೀಮೆಯನ್ನು ಹಿನ್ನೆಲೆಯಾಗಿಟ್ಟುಕೊಂಡು ಈ ಪ್ರಶ್ನೆಯನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ಮದ್ದಿಗೆ ಬೆಂಕಿ ಮುಟ್ಟಿಸುವ ಯಂತ್ರಭಾಗವನ್ನು ಇಲ್ಲಿ ‘ಕೀಲು’ ಎಂದೂ, ಬತ್ತಿಯನ್ನೋ ಕಲ್ಲನ್ನೋ ಕಚ್ಚಿ ಹಿಡಿಯುವ ಬಾಗಿದ ತುಂಡನ್ನು ‘ಕೊಕ್ಕು’ ಎಂದೂ, ಬೆರಳಿನಿಂದ ಎಳೆಯುವ ಭಾಗವನ್ನು ರೂಢಿಯಂತೆ ‘ಕುದುರೆ’ ಎಂದೂ ಕರೆಯಲಾಗಿದೆ.

1. ಬೇಲೂರು ಸೀಮೆಗೆ ಕೋವಿಯ ಪ್ರವೇಶ

ಬೇಲೂರಿನ ಚೆನ್ನಕೇಶವ ದೇವಾಲಯ ಕ್ರಿ.ಶ. 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠಾಪಿತವಾಯಿತು. ಅಲ್ಲಿಯ ಮದನಿಕೆಯರಲ್ಲಿ ಬಿಲ್ಲು ಹಿಡಿದು ಬೇಟೆಗೆ ಹೊರಟವಳಿದ್ದಾಳೆ. ಬೇಲೂರು ಮತ್ತು ಹಳೇಬೀಡಿನ ಭಿತ್ತಿಪಟ್ಟಿಕೆಗಳಲ್ಲಿ ಖಡ್ಗ, ಗುರಾಣಿ, ಬಿಲ್ಲು, ಈಟಿ, ಗದೆಗಳು ಹೇರಳವಾಗಿವೆ. ಅರಸೀಕೆರೆ, ಬೇಲೂರು ಸುತ್ತಲಿನ ಹೊಯ್ಸಳರ ಕಾಲದ ವೀರಗಲ್ಲುಗಳಲ್ಲಿಯೂ ಇವೇ ಆಯುಧಗಳು. ಈ ಶಿಲ್ಪಗಳಲ್ಲಿ ಕೋವಿಯನ್ನು ಹುಡುಕುವುದು ವ್ಯರ್ಥ. ಅವು ಕೋವಿಗಿಂತ ಹಿಂದಿನ ಲೋಕಕ್ಕೆ ಸೇರಿದವು.

ಕೈಕೋವಿ ದಕ್ಷಿಣ ಭಾರತದಲ್ಲಿ ವ್ಯಾಪಕವಾದುದು 16ನೆಯ ಶತಮಾನದಲ್ಲಿ. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಬಿಜಾಪುರದಿಂದ ವಶಪಡಿಸಿಕೊಂಡಾಗ, ಅಲ್ಲಿ ಅದಾಗಲೇ ಕೋವಿ ಮಾಡಬಲ್ಲ ಕಮ್ಮಾರರಿದ್ದರು. ಅವರು ಮಾಡುವ ಕೋವಿಗಳು ಯುರೋಪಿನವರ ಕೆಲಸಕ್ಕೆ ಕಡಿಮೆಯಿಲ್ಲವೆಂಬ ಅಭಿಪ್ರಾಯವನ್ನು ಅಫೊನ್ಸೊ ಡಿ ಅಲ್ಬುಕರ್ಕ್ 1513ರಲ್ಲಿ ತನ್ನ ದೊರೆಗೆ ತಿಳಿಸಿದನು. 1520ರ ರಾಯಚೂರು ಕಾಳಗದಲ್ಲಿ ಕೃಷ್ಣದೇವರಾಯನ ಪರವಾಗಿ ಕ್ರಿಸ್ತೊವಾಂವ್ ಡಿ ಫಿಗೆಯ್‌ರೆದೊನ ಬಂದೂಕುದಾರರು ಕೋಟೆಯ ಮೇಲಿದ್ದವರಿಗೆ ಗುರಿಯಿಟ್ಟುದನ್ನು ಪ್ರವಾಸಿ ನೂನಿಜ್ ವಿವರಿಸಿದ್ದಾನೆ. ಇದೇ ಶತಮಾನದಲ್ಲಿ ಬೇಲೂರು ವಿಜಯನಗರದ ಅಧೀನರಾದ ನಾಯಕರ ಆಳ್ವಿಕೆಗೆ ಬಂದಿತು. ಎರ ಕೃಷ್ಣಪ್ಪನಾಯಕ ಇವರಲ್ಲಿ ಪ್ರಮುಖ. ಮುಂದೆ ಮೈಸೂರು ಮತ್ತು ಇಕ್ಕೇರಿ ಅರಸರ ಪೈಪೋಟಿಯ ನಡುವೆ ಈ ಮನೆತನ ಪಶ್ಚಿಮದ ಕಾಡುಸೀಮೆಗೆ ಸರಿದು, ಐಗೂರನ್ನು ನೆಲೆಮಾಡಿಕೊಂಡಿತು. ಘಟ್ಟದ ದಾರಿಗಳನ್ನು ಕಾಯುತ್ತಿದ್ದ ಈ ಸೀಮೆಯೇ ಬಲಂ. ಮುಂದೆ ಇದು ಮಂಜರಾಬಾದ್ ಎಂದು ಹೆಸರಾಯಿತು.

2. ಮೂರು ಬಗೆಯ ಕೀಲುಗಳು

ಬಾಯಿಯಿಂದ ಮದ್ದು ತುಂಬುವ ಕೋವಿಗಳಲ್ಲಿ ನಳಿಗೆಯ ಹಿಂಬದಿಗೆ ಒಂದು ಸಣ್ಣ ರಂಧ್ರವಿರುತ್ತದೆ. ಅದರ ಹೊರಗೆ ರಂಜಕವನ್ನು, ಎಂದರೆ ನುಣುಪಾದ ಕಿಡಿಮದ್ದನ್ನು, ಹಾಕುವ ಪುಟ್ಟ ಬಟ್ಟಲಿರುತ್ತದೆ. ರಂಜಕಕ್ಕೆ ಬೆಂಕಿ ಹತ್ತಿದರೆ ಅದು ರಂಧ್ರದ ಮೂಲಕ ಒಳಗಿನ ಮದ್ದನ್ನು ಮುಟ್ಟುತ್ತದೆ. ಮೂರು ಬಗೆಯ ಕೋವಿಗಳ ವ್ಯತ್ಯಾಸವಿರುವುದು ಈ ಬೆಂಕಿಯನ್ನು ತರುವ ರೀತಿಯಲ್ಲಿ ಮಾತ್ರ.

ಮ್ಯಾಚ್‌ಲಾಕ್ ಅಥವಾ ಬತ್ತಿಕೀಲಿನಲ್ಲಿ ಪೆಟ್ಲುಪ್ಪಿನ ನೀರಿನಲ್ಲಿ ನೆನೆಸಿ ಒಣಗಿಸಿದ ಹುರಿಯ ತುದಿ ಸದಾ ಕೆಂಡವಾಗಿರುತ್ತದೆ. ಕುದುರೆಯನ್ನು ಎಳೆದಾಗ ಕೊಕ್ಕು ಬಾಗಿ ಬತ್ತಿಯನ್ನು ರಂಜಕಕ್ಕೆ ಮುಟ್ಟಿಸುತ್ತದೆ. ಉತ್ತರ ಭಾರತ ಮತ್ತು ದಖನ್ನಿನ ತೋಡೇದಾರ್ ಬಂದೂಕುಗಳಲ್ಲಿ ಕುದುರೆ ಮತ್ತು ಕೊಕ್ಕುಗಳು ಒಂದಕ್ಕೊಂದು ತೊಡಕಿದ ಸನ್ನೆಗಳು. ಚಲಿಸುವ ಭಾಗಗಳು ಬೆರಳೆಣಿಕೆಯಷ್ಟು. ಗೋವೆಯ ಸಂಪರ್ಕದಿಂದ ಹುಟ್ಟಿದ ಮತ್ತೊಂದು ಬಗೆಯಲ್ಲಿ ಹೊರಗೆ ಕಾಣುವ ಹಿತ್ತಾಳೆಯ ಸ್ಪ್ರಿಂಗು ಕೊಕ್ಕನ್ನು ಥಟ್ಟನೆ ಬೀಳಿಸುತ್ತದೆ. ಈ ಮಾದರಿ ಸಿಂಹಳ ಮತ್ತು ಜಪಾನಿನವರೆಗೆ ಹರಡಿತು.

ಚಕ್ರಕೀಲಿನ ತತ್ತ್ವ ಬೇರೆ. ಉರಿಯುವ ಬತ್ತಿ ಇಲ್ಲಿಲ್ಲ. ಅಂಚಿನಲ್ಲಿ ಗೀರು ಕೊರೆದ ಉಕ್ಕಿನ ಚಕ್ರವೊಂದು ಬಟ್ಟಲಿನ ತಳದ ಸೀಳಿನಿಂದ ಮೇಲೆದ್ದು ನಿಂತಿರುತ್ತದೆ. ಚಕ್ರದ ಅಚ್ಚನ್ನು ಚಾವಿಯಿಂದ ಸುಮಾರು ಮುಕ್ಕಾಲು ಸುತ್ತು ತಿರುಗಿಸಿದಾಗ, ಅಚ್ಚಿಗೆ ಸಿಕ್ಕಿಸಿದ ಗಿಡ್ಡ ಸರಪಣಿಯು ಬಲವಾದ ಸ್ಪ್ರಿಂಗನ್ನು ಎಳೆದು ಬಿಗಿಗೊಳಿಸುತ್ತದೆ. ಒಳಗಿನ ಅಗುಳಿಯೊಂದು ಚಕ್ರದ ಪಕ್ಕದ ಕುಳಿಯಲ್ಲಿ ಕೂತು ಅದನ್ನು ತಡೆಯುತ್ತದೆ. ಕೊಕ್ಕಿನ ದವಡೆಯಲ್ಲಿ ಪೈರೈಟ್ ಎಂಬ ಗಂಧಕಯುಕ್ತ ಕಬ್ಬಿಣದ ಅದಿರಿನ ತುಂಡಿರುತ್ತದೆ. ಕುದುರೆಯನ್ನು ಎಳೆದೊಡನೆ ಅಗುಳಿ ಸರಿದು ಚಕ್ರ ರಭಸದಿಂದ ತಿರುಗುತ್ತದೆ, ಬಟ್ಟಲಿನ ಮುಚ್ಚಳ ತಾನಾಗಿ ಜಾರುತ್ತದೆ, ಪೈರೈಟ್ ಚಕ್ರಕ್ಕೆ ಉಜ್ಜಿ ಕಿಡಿಗಳು ರಂಜಕದ ಮೇಲೆಯೇ ಸುರಿಯುತ್ತವೆ. 1505ರ ನ್ಯೂರೆಂಬರ್ಗಿನ ಮಾರ್ಟಿನ್ ಲೋಫೆಲ್‌ಹೋಲ್ಟ್‌ನ ಹಸ್ತಪ್ರತಿಯಲ್ಲಿ ಇಂತಹ ಕಿಡಿಯಂತ್ರದ ಚಿತ್ರವಿದೆ. ಲಿಯೊನಾರ್ಡೊ ಡ ವಿಂಚಿಯ ಚಿತ್ರಪತ್ರಗಳಲ್ಲಿಯೂ ಇದೆ. ಬತ್ತಿಯ ಹೊಗೆಯಾಗಲಿ ವಾಸನೆಯಾಗಲಿ ಇಲ್ಲದೆ ಉಡುಪಿನೊಳಗೆ ಅಡಗಿಸಬಹುದಾದ ಮೊದಲ ಕೋವಿ ಇದೇ ಆದುದರಿಂದ ಚಕ್ರವರ್ತಿ ಮ್ಯಾಕ್ಸಿಮಿಲಿಯನ್ 1517–18ರಲ್ಲಿ ಇದರ ಮೇಲೆ ನಿರ್ಬಂಧ ಹೇರಿದನು.

ಫ್ಲಿಂಟ್‌ಲಾಕ್ ಅಥವಾ ಚಕಮಕಿಕೀಲು 17ನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನಲ್ಲಿ ಪೂರ್ಣರೂಪ ಪಡೆಯಿತು. ಇಲ್ಲಿ ಚಕ್ರ, ಸರಪಣಿ, ಚಾವಿಗಳಿಲ್ಲ. ಚಕಮಕಿ ಕಲ್ಲನ್ನು ಕಚ್ಚಿದ ಕೊಕ್ಕು ಒಂದೇ ಹೊಡೆತಕ್ಕೆ ಉಕ್ಕಿನ ಫಲಕವನ್ನು ಕೆರೆದು ಕಿಡಿ ಹಾರಿಸುತ್ತದೆ. ಆ ಫಲಕವೇ ಬಟ್ಟಲಿನ ಮುಚ್ಚಳವೂ ಹೌದು.

3. ಕುಲುಮೆಯಲ್ಲಿ ಚಕ್ರಕೀಲು

ಬತ್ತಿಕೀಲಿನಲ್ಲಿ ನಾಲ್ಕಾರು ಭಾಗಗಳಿದ್ದರೆ, ಚಕ್ರಕೀಲಿನಲ್ಲಿ ತಿರುಪು ಮೊಳೆಗಳೂ ಸೇರಿ ಹಲವು ಪಾಲು ಹೆಚ್ಚು ಭಾಗಗಳಿರುತ್ತವೆ. ಇವುಗಳನ್ನು ಕೈಯಿಂದ ಮಾಡುವ ಕಮ್ಮಾರನಿಗೆ ಎದುರಾಗುವ ಕಷ್ಟಗಳನ್ನು ಒಂದೊಂದಾಗಿ ಪರಿಶೀಲಿಸಬಹುದು.

ಚಕ್ರ: ಉಕ್ಕಿನ ಬಿಲ್ಲೆಯನ್ನು ಬಡಿದು, ತಿರುಗಿಸಿ ಕಡೆದು, ಅಂಚಿನಲ್ಲಿ ಸುತ್ತಲೂ ಸಮಾನಾಂತರ ಗೀರುಗಳನ್ನು ತೆಗೆದು, ಅವುಗಳಿಗೆ ಅಡ್ಡಲಾಗಿ ಅರದಿಂದ ಹಲ್ಲು ಕೊಯ್ಯಬೇಕು. ಬಿಲ್ಲೆ ಅಚ್ಚಿಗೆ ತುಸುವೇ ಓರೆಯಾದರೂ ಬಟ್ಟಲಿನ ಸೀಳಿನಲ್ಲಿ ಸಿಕ್ಕಿಬೀಳುತ್ತದೆ. ಸೀಳನ್ನು ಅಗಲಿಸಿದರೆ ರಂಜಕ ಕೆಳಗೆ ಸೋರಿ ಯಂತ್ರವನ್ನು ಮಲಿನಗೊಳಿಸುತ್ತದೆ. ಇದು ಎಚ್ಚರದ ಕೆಲಸವಾದರೂ ಕನ್ನಡನಾಡಿಗೆ ಅಪರಿಚಿತವಾದ ವಿದ್ಯೆಯಲ್ಲ. ವಸ್ತುವನ್ನು ತಿರುಗಿಸಿ ಕಡೆಯುವ ಕೌಶಲಕ್ಕೆ ಬೇಲೂರಿನ ನವರಂಗದ ಕಂಬಗಳೇ ಸಾಕ್ಷಿ. ಆಳೆತ್ತರವನ್ನು ಮೀರಿದ ಬಳಪದ ಕಲ್ಲಿನ ಕಂಬಗಳಲ್ಲಿ ಕೂದಲೆಳೆಯ ಅಂತರದ ಉಂಗುರಗಳನ್ನು ಮೂಡಿಸಿದ ಪರಂಪರೆ 12ನೆಯ ಶತಮಾನದಲ್ಲಿಯೇ ಇಲ್ಲಿತ್ತು. ಕಲ್ಲಿನ ಮತ್ತು ಉಕ್ಕಿನ ಕೆಲಸ ಒಂದೇ ಅಲ್ಲವಾದರೂ, ಅಚ್ಚಿನ ನೇರ ಮತ್ತು ಸುತ್ತಿನ ಸಮತೆಯ ಪರಿಜ್ಞಾನ ಎರಡಕ್ಕೂ ಸಮಾನ.

ಸರಪಣಿ: ಅಚ್ಚನ್ನೂ ಸ್ಪ್ರಿಂಗನ್ನೂ ಜೋಡಿಸುವ ಸರಪಣಿಯಲ್ಲಿ ಸಾಮಾನ್ಯವಾಗಿ ಮೂರು ಕೊಂಡಿಗಳಿರುತ್ತವೆ. ಸ್ಪ್ರಿಂಗಿನ ಪೂರ್ಣ ಬಲವನ್ನು ಇವು ಹೊರಬೇಕು. ಆದರೆ ಗಾತ್ರದಲ್ಲಿ ಹುರುಳಿಕಾಳಿನಿಂದ ಅವರೆಕಾಳಿನಷ್ಟು. ಒಂದು ಕೊಂಡಿ ಹರಿದರೆ ಇಡೀ ಕೋವಿ ನಿರುಪಯುಕ್ತ. ಇದು ಕಮ್ಮಾರನಿಗಿಂತ ಗಡಿಯಾರ ಮಾಡುವವನ ಕೆಲಸಕ್ಕೆ ಹತ್ತಿರವಾದುದು. ಆಗ್ಸ್‌ಬರ್ಗ್ ಮತ್ತು ನ್ಯೂರೆಂಬರ್ಗ್ ನಗರಗಳು ಗಡಿಯಾರಕ್ಕೂ ಚಕ್ರಕೀಲಿಗೂ ಒಟ್ಟಿಗೆ ಹೆಸರಾದುದು ಆಕಸ್ಮಿಕವಲ್ಲ.

ಮುಖ್ಯ ಸ್ಪ್ರಿಂಗು: ಎರಡು ತೋಳಾಗಿ ಮಡಿಸಿದ ಈ ಉಕ್ಕಿನ ಪಟ್ಟಿ ಇಡೀ ಯಂತ್ರದ ಜೀವ. ಪಟ್ಟಿಯನ್ನು ಬಡಿದು, ತುದಿಯತ್ತ ಕ್ರಮವಾಗಿ ತೆಳುವಾಗುವಂತೆ ಅರದಿಂದ ತೀಡಿ, ಒಂದೇ ಸಮನೆ ಕೆಂಪಗೆ ಕಾಯಿಸಿ ತಣಿಸಬೇಕು. ಆಗ ಅದು ಗಾಜಿನಂತೆ ಗಡುಸಾಗಿರುತ್ತದೆ, ಬಾಗಿಸಿದರೆ ಮುರಿಯುತ್ತದೆ. ಮತ್ತೆ ಮಂದವಾಗಿ ಕಾಯಿಸುತ್ತ, ಮೇಲ್ಮೈಯ ಬಣ್ಣ ಹುಲ್ಲುಹಳದಿಯಿಂದ ನೇರಳೆಗೆ, ನೇರಳೆಯಿಂದ ನೀಲಿಗೆ ತಿರುಗುವುದನ್ನು ಕಾದು ನಿಲ್ಲಿಸಬೇಕು. ಈ ಹದವನ್ನು ಅಳೆಯಲು ಕಣ್ಣೊಂದೇ ಸಾಧನ. ಉಕ್ಕಿನಲ್ಲಿ ಇಂಗಾಲದ ಪ್ರಮಾಣ ತುಂಡಿನಿಂದ ತುಂಡಿಗೆ ಬದಲಾದರೆ, ಹಿಂದಿನ ಸ್ಪ್ರಿಂಗಿಗೆ ಒದಗಿದ ಹದ ಮುಂದಿನದಕ್ಕೆ ಒದಗುವುದಿಲ್ಲ. ಬತ್ತಿಕೀಲಿಗೆ ಇಂತಹ ಸ್ಪ್ರಿಂಗು ಬೇಕಿಲ್ಲ. ಬೇಕಾದಲ್ಲಿ ಬಡಿದ ಹಿತ್ತಾಳೆಯೇ ಸಾಕು.

ತಿರುಪು ಮೊಳೆ: ಭಾರತೀಯ ಬತ್ತಿಕೀಲಿನ ಕೋವಿಗಳನ್ನು ಬಹುವಾಗಿ ಗೂಟ, ಗುಬ್ಬಿಮೊಳೆ ಹಾಗೂ ಪಟ್ಟಿಗಳಿಂದ ಜೋಡಿಸುತ್ತಿದ್ದರು. 17ನೆಯ ಶತಮಾನದ ಭಾರತೀಯ ಕಮ್ಮಾರರು ತಿರುಪನ್ನು ಕೊರೆಯುವುದರ ಬದಲು ಮೊಳೆಯ ಸುತ್ತ ತಂತಿಯನ್ನು ಬೆಸೆದು ಮಾಡುತ್ತಿದ್ದುದನ್ನು ಇತಿಹಾಸಕಾರ ಇರ್ಫಾನ್ ಹಬೀಬ್ ಗುರುತಿಸಿದ್ದಾರೆ. ದೊಡ್ಡ ಬಿಗಿತಕ್ಕೆ ಈ ವಿಧಾನ ಸಾಲುತ್ತದೆ. ಅಂಗೈಯಗಲದ ಫಲಕದಲ್ಲಿ ಹತ್ತಾರು ಸಣ್ಣ ತಿರುಪುಗಳನ್ನು ಬಿಗಿದು ಬಿಚ್ಚಬೇಕಾದ ಚಕ್ರಕೀಲಿಗೆ ಸಾಲದು.

ಅಗುಳಿ ಮತ್ತು ಮುಚ್ಚಳ: ಕುದುರೆಗೂ ಚಕ್ರಕ್ಕೂ ನಡುವೆ ಎರಡು ಅಗುಳಿಗಳು ಒಂದನ್ನೊಂದು ಆನಿಸಿ ನಿಲ್ಲುತ್ತವೆ. ಮುಚ್ಚಳವನ್ನು ತಳ್ಳುವ ತೋಳನ್ನು ಅಚ್ಚಿನ ಮೇಲಿನ ಉಬ್ಬೊಂದು ಸರಿಯಾದ ಕ್ಷಣದಲ್ಲಿ ನೂಕಬೇಕು. ಈ ಭಾಗಗಳನ್ನು ಅಳತೆಯಿಂದ ಮಾಡಿ ಮುಗಿಸಲಾಗದು. ಒಂದೊಂದನ್ನೂ ಕೂಡಿಸಿ, ತೆಗೆದು, ತೀಡಿ, ಮತ್ತೆ ಕೂಡಿಸಬೇಕು. ಆದ್ದರಿಂದ ಒಂದು ಕೀಲಿನ ಭಾಗ ಮತ್ತೊಂದಕ್ಕೆ ಹೊಂದುವುದಿಲ್ಲ.

ಹೀಗೆ ಭಾಗಗಳನ್ನು ಬಿಡಿಸಿ ನೋಡಿದಾಗ ಒಂದು ಅಂಶ ಸ್ಪಷ್ಟವಾಗುತ್ತದೆ. ಚಕ್ರಕೀಲಿನ ತೊಡಕು ಚಕ್ರದಲ್ಲಿಲ್ಲ. ಅದು ಸ್ಪ್ರಿಂಗು, ಸರಪಣಿ ಮತ್ತು ತಿರುಪುಗಳಲ್ಲಿದೆ. ಅದಕ್ಕಿಂತ ಮಿಗಿಲಾಗಿ, ಇವು ಕೆಟ್ಟಾಗ ಸರಿಪಡಿಸುವವನು ಹತ್ತಿರದಲ್ಲಿರಬೇಕು ಎಂಬ ನಿಬಂಧನೆಯಲ್ಲಿದೆ.

4. ಸಾಮಗ್ರಿಯ ಪ್ರಶ್ನೆ

ಸಾಮಗ್ರಿಯ ಕೊರತೆಯಿಂದ ಚಕ್ರಕೀಲು ಇಲ್ಲಿ ಬರಲಿಲ್ಲವೆಂದು ಹೇಳಲು ಆಧಾರವಿಲ್ಲ. ಅರಸೀಕೆರೆಗೆ ಹೊಂದಿದ ಚಿಕ್ಕನಾಯಕನಹಳ್ಳಿಯ ಬೆಟ್ಟಗಳಲ್ಲಿ ಕಬ್ಬಿಣದ ಅದಿರು ತೆಗೆಯುತ್ತಿದ್ದುದನ್ನು ಫ್ರಾನ್ಸಿಸ್ ಬುಕನನ್ ತನ್ನ 1800–01ರ ಪ್ರವಾಸ ಕಥನದಲ್ಲಿ ದಾಖಲಿಸಿದ್ದಾನೆ. ಮಾಗಡಿ ಬಳಿಯ ಘಟ್ಟಿಪುರ ಹಾಗೂ ಮಧುಗಿರಿ ಕಡೆಗಳಲ್ಲಿ ಕಬ್ಬಿಣವನ್ನು ಮಣ್ಣಿನ ಮೂಸೆಗಳಲ್ಲಿಟ್ಟು ಉಕ್ಕು ಮಾಡುವ ಕ್ರಮವನ್ನೂ ಅವನು ವಿವರಿಸಿದ್ದಾನೆ. ಯುರೋಪಿನವರು ವೂಟ್ಜ್ ಎಂದು ಕರೆದ ಈ ಲೋಹದ ಹೆಸರು ಕನ್ನಡದ ‘ಉಕ್ಕು’ ಎಂಬುದರಿಂದಲೇ ಬಂದುದೆಂಬ ಅಭಿಪ್ರಾಯ ಪ್ರಚಲಿತವಾಗಿದೆ. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುತ್ತಿದ್ದರು. ಅದಕ್ಕೆ ದೂರದ ಊರುಗಳಲ್ಲಿಯೂ ಬೇಡಿಕೆಯಿತ್ತು. ತಂತಿಯಾಗಿ ಎಳೆಯಲು ಒದಗುವ ಉಕ್ಕಿನ ಗುಣವನ್ನು ಅರಿತವರಿಗೆ ಲೋಹದ ಹದ ಅಪರಿಚಿತವಲ್ಲ. ಪೈರೈಟ್ ಕೂಡ ಚಿತ್ರದುರ್ಗದ ಇಂಗಳದಾಳು ಪ್ರದೇಶದ ತಾಮ್ರದ ಅದಿರಿನೊಂದಿಗೆ ದೊರೆಯುತ್ತದೆ.

ನಳಿಗೆಯ ವಿಷಯದಲ್ಲಿಯಂತೂ ಭಾರತೀಯ ಕೆಲಸ ಯಾರಿಗೂ ಹಿಂದೆ ಬಿದ್ದಿರಲಿಲ್ಲ. ಅಕ್ಬರನ ಕಾರ್ಖಾನೆಯಲ್ಲಿ ಕಬ್ಬಿಣದ ಪಟ್ಟಿಯನ್ನು ಓರೆಯಾಗಿ ಸುತ್ತಿ ಬೆಸೆದು ನಳಿಗೆ ಮಾಡುತ್ತಿದ್ದುದನ್ನೂ, ಎತ್ತು ತಿರುಗಿಸುವ ಚಕ್ರದಿಂದ 16 ನಳಿಗೆಗಳನ್ನು ಒಮ್ಮೆಗೇ ಉಜ್ಜುತ್ತಿದ್ದ ಯಂತ್ರವನ್ನೂ ಅಬುಲ್ ಫಜಲನ ಐನ್-ಇ-ಅಕ್ಬರಿ ವರ್ಣಿಸುತ್ತದೆ. ಬತ್ತಿಯ ನೆರವಿಲ್ಲದೆ ಹಾರುವ ಬಂದೂಕುಗಳೂ ಅಲ್ಲಿದ್ದುವೆಂದು ಅದೇ ಗ್ರಂಥ ಹೇಳುತ್ತದೆ. ಅವು ಚಕ್ರಕೀಲಿನವೋ, ಆರಂಭಕಾಲದ ಚಕಮಕಿಯವೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ. ಏನೇ ಇರಲಿ, ಅರಮನೆಯ ಕಾರ್ಖಾನೆಯಲ್ಲಿ ಸಾಧ್ಯವಾದುದು ಸೈನ್ಯದ ಸಾಮಾನ್ಯ ಆಯುಧವಾಗಲಿಲ್ಲ.

ಯುರೋಪಿನ ಸ್ಥಿತಿಯೂ ಭಿನ್ನವಾಗಿರಲಿಲ್ಲವೆಂಬುದು ಇಲ್ಲಿ ಗಮನಾರ್ಹ. ಅಲ್ಲಿಯೂ ಚಕ್ರಕೀಲು ಶ್ರೀಮಂತರ ಬೇಟೆಯ ಕೋವಿಯಾಗಿ, ಅಶ್ವಾರೋಹಿಗಳ ಪಿಸ್ತೂಲಾಗಿ ಉಳಿಯಿತೇ ಹೊರತು ಕಾಲಾಳುಗಳು 17ನೆಯ ಶತಮಾನದ ಉತ್ತರಾರ್ಧದವರೆಗೂ ಬತ್ತಿಯ ಕೋವಿಯನ್ನೇ ಹಿಡಿದರು. ಬೆಲೆ ಹೆಚ್ಚು, ಚಾವಿ ಕಳೆದರೆ ಕೋವಿ ನಿಷ್ಪ್ರಯೋಜಕ, ಬಹುಹೊತ್ತು ಬಿಗಿದಿಟ್ಟರೆ ಸ್ಪ್ರಿಂಗು ಸೋಲುತ್ತದೆ, ಪೈರೈಟ್ ಬೇಗ ಪುಡಿಯಾಗುತ್ತದೆ. ಈ ಕಾರಣಗಳು ರೈನ್ ನದಿಯ ದಡಕ್ಕೂ ಹೇಮಾವತಿಯ ದಡಕ್ಕೂ ಸಮಾನವಾಗಿ ಅನ್ವಯಿಸುತ್ತವೆ.

5. ಶ್ರೀರಂಗಪಟ್ಟಣದ ಕಾರ್ಖಾನೆಗಳು: ಅನುಕೃತಿಯ ಪಾಠಶಾಲೆ

ಕನ್ನಡನಾಡಿನಲ್ಲಿ ಪರದೇಶದ ಕೀಲೊಂದನ್ನು ಕೈಯಿಂದ ಅನುಕರಿಸಿ, ಕೆಲಸ ಮಾಡುವ ಪ್ರತಿಯನ್ನು ಸಿದ್ಧಪಡಿಸಿದ ಅತಿ ದೊಡ್ಡ ಪ್ರಯತ್ನವೆಂದರೆ ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಕಾಲದ ಕಾರ್ಖಾನೆಗಳದು. ಫ್ರೆಂಚ್ ಮತ್ತು ಇಂಗ್ಲಿಷ್ ಚಕಮಕಿ ಬಂದೂಕುಗಳನ್ನು ಮಾದರಿಯಾಗಿಟ್ಟುಕೊಂಡು ಶ್ರೀರಂಗಪಟ್ಟಣ, ಬಿದನೂರು ನಗರ ಮೊದಲಾದೆಡೆ ಕೋವಿಗಳು ತಯಾರಾದವು. 1787ರಲ್ಲಿ ಹೊರಟು 1788ರ ಆಗಸ್ಟಿನಲ್ಲಿ ಹದಿನಾರನೆಯ ಲೂಯಿಯನ್ನು ಕಂಡ ರಾಯಭಾರಿಗಳ ಮೂಲಕ ಟಿಪ್ಪು ಕೇಳಿದ ಕುಶಲಕರ್ಮಿಗಳಲ್ಲಿ ಶಸ್ತ್ರಕಾರರೊಂದಿಗೆ ಗಡಿಯಾರ ಮಾಡುವವರೂ ಇದ್ದರು. ಕೋವಿಯ ಕೀಲಿಗೂ ಗಡಿಯಾರಕ್ಕೂ ಬೇಕಾದ ಕೈಕೆಲಸ ಒಂದೇ ಕುಲದ್ದೆಂಬ ಅರಿವು ಈ ಕೋರಿಕೆಯ ಹಿಂದೆ ಕಾಣುತ್ತದೆ.

1799ರ ಮೇ 4ರಂದು ಪಟ್ಟಣ ಬಿದ್ದಾಗ ಕಂಡುಬಂದುದನ್ನು ಬ್ರಿಟಿಷ್ ಅಧಿಕಾರಿ ಅಲೆಕ್ಸಾಂಡರ್ ಬೀಟ್ಸನ್ ಪಟ್ಟಿಮಾಡಿದ್ದಾನೆ. ಅದರಂತೆ ಅಲ್ಲಿ 929 ಫಿರಂಗಿಗಳು, ಸಣ್ಣ ಆಯುಧಗಳನ್ನು ಮಾಡಿ ಮುಗಿಸುವ 11 ಶಸ್ತ್ರಶಾಲೆಗಳು, ಫಿರಂಗಿ ಎರಕದ 2 ಕಾರ್ಖಾನೆಗಳು ಮತ್ತು ಫಿರಂಗಿ ಕೊರೆಯುವ ಯಂತ್ರಗಳಿದ್ದ 3 ಕಟ್ಟಡಗಳಿದ್ದವು. ಬತ್ತಿಕೀಲಿನಿಂದ ಚಕಮಕಿಕೀಲಿಗೆ ದಾಟಲು ಬೇಕಾದ ಸ್ಪ್ರಿಂಗು ಮತ್ತು ತಿರುಪುಗಳ ವಿದ್ಯೆಯನ್ನು ಇಲ್ಲಿಯ ಕುಲುಮೆಗಳು ಗಳಿಸಿಕೊಂಡಿದ್ದುವೆಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ. ಚಕಮಕಿಕೀಲು ಮಾಡಬಲ್ಲವನಿಗೆ ಚಕ್ರಕೀಲು ಅಸಾಧ್ಯವಲ್ಲ. ಆದರೆ ಆ ಹೊತ್ತಿಗೆ ಅದನ್ನು ಮಾಡುವ ಅಗತ್ಯವೇ ಇರಲಿಲ್ಲ.

ಈ ಕೋವಿಗಳು ಕೇವಲ ನಕಲುಗಳಾಗಿ ಉಳಿಯಲಿಲ್ಲ. ನಳಿಗೆಯ ಮೇಲೆ ಹುಲಿಪಟ್ಟೆಯ ಬಬ್ರಿ ಅಚ್ಚು, ಹುಲಿಮುಖದ ಅಲಂಕಾರ, ಹೈದರನ ಹೆಸರಿನ ಮುದ್ರೆ, ಮೌಲೂದಿ ಶಕೆಯ ವರ್ಷ ಇವುಗಳಲ್ಲಿ ಸ್ವಂತ ಗುರುತು ಸ್ಪಷ್ಟವಾಗಿದೆ. ಟಿಪ್ಪು 1787ರ ಸುಮಾರಿಗೆ ಜಾರಿಗೆ ತಂದ ಈ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯುತ್ತಿದ್ದರು. ಇದನ್ನು ಅರಿಯದೆ ಓದಿದರೆ ಕಾಲನಿರ್ಣಯ ತಪ್ಪುತ್ತದೆ. ಅಸದ್ ಖಾನ್ ಮಹಮ್ಮದನಂತಹ ಕಾರೀಗರರು ತಮ್ಮ ಹೆಸರನ್ನು ಕೋವಿಯ ಮೇಲೆ ಕೆತ್ತಿದ್ದಾರೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಶಿಲ್ಪಗಳ ಕೆಳಗೆ ಹೆಸರು ಬರೆದುದನ್ನು ಕಲಾ ಇತಿಹಾಸಕಾರರು ವಿಶೇಷವಾಗಿ ಪರಿಗಣಿಸಿದ್ದಾರೆ. ಆರು ಶತಮಾನಗಳ ತರುವಾಯ ಇದೇ ನಾಡಿನ ಕಬ್ಬಿಣದ ಕೆಲಸಗಾರರು ಹೀಗೆ ಹೆಸರು ಬಿಟ್ಟುಹೋದುದಕ್ಕೆ ಅಷ್ಟೇ ಗಮನ ಸಲ್ಲಬೇಕಾಗಿದೆ. ರಾಬಿನ್ ವಿಗಿಂಗ್ಟನ್ನನ ಅಧ್ಯಯನ ಈ ಕೋವಿಗಳನ್ನು ಕುರಿತ ಮುಖ್ಯ ಆಕರವಾಗಿದೆ. ಆದರೆ 1799ರ ಲೂಟಿಯಲ್ಲಿ ಚದುರಿದ ಈ ಕೋವಿಗಳಲ್ಲಿ ಉತ್ತಮವಾದವು ವಿಂಡ್ಸರ್‌ನ ರಾಜಸಂಗ್ರಹವೂ ಸೇರಿದಂತೆ ಹೊರದೇಶದ ಸಂಗ್ರಹಗಳಲ್ಲಿರುವುದರಿಂದ ಕನ್ನಡನಾಡಿನ ಸಂಶೋಧಕರಿಗೆ ಕೀಲನ್ನು ಬಿಚ್ಚಿ ನೋಡುವ ಅವಕಾಶ ವಿರಳ.

6. ಬಲಂ ಸೀಮೆಯ ಮಳೆ ಮತ್ತು ಕಾಳಗ

ಮೇಲಿನ ವಿವೇಚನೆಗೆ ಒಂದು ಆಕ್ಷೇಪಣೆ ಸಾಧ್ಯ. ಬತ್ತಿಯ ಕೋವಿಗೆ ಮಳೆ ಶತ್ರು; ಬಟ್ಟಲನ್ನು ಮುಚ್ಚಿಡುವ ಚಕ್ರಕೀಲು ತೇವವನ್ನು ಅದಕ್ಕಿಂತ ಚೆನ್ನಾಗಿ ತಡೆಯುತ್ತದೆ. ಬೇಲೂರಿನಿಂದ ಪಶ್ಚಿಮಕ್ಕೆ ಸಾಗಿದಂತೆ ಮಳೆ ಹೆಚ್ಚುತ್ತ, ಘಟ್ಟದಂಚಿನಲ್ಲಿ ತಿಂಗಳುಗಟ್ಟಲೆ ಬಿಡುವಿಲ್ಲದೆ ಸುರಿಯುತ್ತದೆ. ಇಂತಹ ಸೀಮೆಗೆ ಚಕ್ರಕೀಲು ಹೆಚ್ಚು ಅಗತ್ಯವಾಗಿರಲಿಲ್ಲವೆ?

ಇದಕ್ಕೆ ಆ ಸೀಮೆಯ ಯುದ್ಧಚರಿತ್ರೆಯೇ ಉತ್ತರಿಸುತ್ತದೆ. ಟಿಪ್ಪು 1792ರಲ್ಲಿ ಪೂರೈಸಿದ ಮಂಜರಾಬಾದ್ ಕೋಟೆ ಸಕಲೇಶಪುರದ ಬಳಿ ಎಂಟು ಮೂಲೆಯ ನಕ್ಷತ್ರದಾಕಾರದಲ್ಲಿದೆ. ಫ್ರೆಂಚ್ ದುರ್ಗವಿಜ್ಞಾನದ ಪ್ರಭಾವವುಳ್ಳ ಈ ಕೋಟೆಯ ಚಾಚುಮೂಲೆಗಳು ಪಕ್ಕದ ಗೋಡೆಯ ಬುಡಕ್ಕೆ ಗುಂಡು ಹಾರಿಸಲು ಅನುಕೂಲವಾಗುವಂತಿವೆ. ನಡುವೆ ನೆಲಮಟ್ಟಕ್ಕಿಂತ ಕೆಳಗೆ ಮದ್ದಿನ ಮನೆಗಳಿವೆ. ಮಳೆಯಿಂದ ಮದ್ದನ್ನು ಕಾಪಾಡುವ ಹೊಣೆಯನ್ನು ಇಲ್ಲಿ ಕಟ್ಟಡವೇ ಹೊತ್ತಿದೆ. ಟಿಪ್ಪುವಿನ ಮರಣಾನಂತರ ಬಲಂನ ಕೃಷ್ಣಪ್ಪನಾಯಕ ಕಂಪನಿಯ ವಿರುದ್ಧ ಬಂಡೆದ್ದು, ದಟ್ಟ ಕಾಡು ಮತ್ತು ಬೇಲಿಗಳ ನಡುವಿನ ಅರಕೆರೆಯನ್ನು ನೆಲೆಮಾಡಿಕೊಂಡನು. 1800ರ ಏಪ್ರಿಲ್ ಸುಮಾರಿಗೆ ಅವನ ಮೇಲೆ ನಡೆದ ಮೊದಲ ದಾಳಿ ವಿಫಲವಾಯಿತು. 1802ರ ಜನವರಿಯಲ್ಲಿ ಆರ್ಥರ್ ವೆಲ್ಲೆಸ್ಲಿ ಸ್ವತಃ ಬಂದು ಅರಕೆರೆಯನ್ನು ಹಿಡಿದನು; ಫೆಬ್ರುವರಿಯಲ್ಲಿ ನಾಯಕನನ್ನು ಗಲ್ಲಿಗೇರಿಸಲಾಯಿತು. ಈ ಕಾಳಗಗಳ ತಿಂಗಳುಗಳನ್ನು ಗಮನಿಸಬೇಕು. ಎಲ್ಲವೂ ಮುಂಗಾರಿಗೆ ಮುನ್ನ ಅಥವಾ ಬೇಸಾಯದ ಕೊಯ್ಲು ಮುಗಿದ ಒಣ ದಿನಗಳಲ್ಲಿ ನಡೆದವು. ಮಳೆಗಾಲದಲ್ಲಿ ಎತ್ತು, ಗಾಡಿ, ಫಿರಂಗಿಗಳು ಘಟ್ಟದ ಕೆಸರಿನಲ್ಲಿ ಸಾಗಲಾರವು. ಆದ್ದರಿಂದ ಕೋವಿಯ ಕೀಲು ಯಾವುದೇ ಇದ್ದರೂ ಯುದ್ಧ ತಾನಾಗಿ ನಿಲ್ಲುತ್ತಿತ್ತು.

ಕಾಡಿನಂಚಿನ ಹೊಂಚುಗಾಳಗಕ್ಕೆ ಬೇಕಾದುದು ಊರಿನ ಆಚಾರಿಯೇ ಸರಿಪಡಿಸಬಲ್ಲ ಆಯುಧ. ಬತ್ತಿಕೀಲಿನ ಕೊಕ್ಕು ಮುರಿದರೆ ನೇಗಿಲ ಕುಳ ಬಡಿಯುವ ಕುಲುಮೆಯಲ್ಲಿಯೇ ಮತ್ತೊಂದನ್ನು ಮಾಡಬಹುದು. ಚಕ್ರಕೀಲಿನ ಸ್ಪ್ರಿಂಗು ಮುರಿದರೆ ದೂರದ ರಾಜಧಾನಿಯ ಕಾರ್ಖಾನೆಯನ್ನು ಅವಲಂಬಿಸಬೇಕಾಗುತ್ತದೆ. ಸ್ವಾತಂತ್ರ್ಯ ಕಾಪಾಡಿಕೊಳ್ಳಲು ಹೆಣಗುತ್ತಿದ್ದ ಸಣ್ಣ ಸಂಸ್ಥಾನವೊಂದಕ್ಕೆ ಈ ಅವಲಂಬನೆ ಮಳೆಗಿಂತ ದೊಡ್ಡ ಅಪಾಯವಾಗಿತ್ತು. ಹೀಗಾಗಿ ಸರಳವಾದ ಕೀಲನ್ನು ಉಳಿಸಿಕೊಂಡುದು ವಿವೇಕದ ಆಯ್ಕೆಯೆಂದು ತಿಳಿಯುವುದು ಹೆಚ್ಚು ಸಮಂಜಸ.

7. ಪ್ರತಿಕೃತಿ: ವಿಧಾನ, ಕಾನೂನು ಮತ್ತು ಸಂರಕ್ಷಣೆ

ಇಂದು ಹಳೆಯ ಕೀಲೊಂದರ ಪ್ರತಿಕೃತಿಯನ್ನು ಅಧ್ಯಯನಕ್ಕಾಗಿ ಮಾಡುವಾಗ ‘ಕೆಲಸ ಮಾಡುವ ಪ್ರತಿಕೃತಿ’ ಎಂಬ ಮಾತಿನ ಅರ್ಥವನ್ನು ಖಚಿತಪಡಿಸಿಕೊಳ್ಳಬೇಕು. ಗುಂಡು ಹಾರಿಸುವ ಕೋವಿಯೇ ಆಗಬೇಕೆಂದಿಲ್ಲ. ಸಂಶೋಧನೆಯ ಪ್ರಶ್ನೆಗಳು ಕೀಲಿಗೆ ಸಂಬಂಧಿಸಿದವು: ಸ್ಪ್ರಿಂಗು ಎಷ್ಟು ಬಾರಿ ಸೋಲದೆ ನಿಲ್ಲುತ್ತದೆ, ಕಲ್ಲು ಎಷ್ಟು ಉಜ್ಜಿಗೆ ಸವೆಯುತ್ತದೆ, ಯಾವ ಭಾಗ ಮೊದಲು ಕೆಡುತ್ತದೆ, ಅದನ್ನು ಸರಿಪಡಿಸಲು ಎಷ್ಟು ದಿನ ಬೇಕು. ಇವೆಲ್ಲಕ್ಕೂ ನಳಿಗೆಯಿಲ್ಲದ, ಮರದ ದಿಮ್ಮಿಗೆ ಕೂಡಿಸಿದ ಕೀಲೊಂದೇ ಮದ್ದಿಲ್ಲದೆ ಉತ್ತರ ಕೊಡಬಲ್ಲದು.

ಕಾನೂನಿನ ದೃಷ್ಟಿಯಿಂದಲೂ ಈ ಭೇದ ಮುಖ್ಯ. 1959ರ ಭಾರತೀಯ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಬಂದೂಕಿನ ತಯಾರಿಕೆಗೆ ಪರವಾನಗಿ ಕಡ್ಡಾಯ. ಅನುಕರಣೆಯ ಬಂದೂಕನ್ನು ನಿಜವಾದ ಬಂದೂಕಾಗಿ ಪರಿವರ್ತಿಸಲೂ ಪರವಾನಗಿ ಬೇಕು. ಮಾದರಿ ಎಷ್ಟೇ ಹಳೆಯದಾದರೂ ಹೊಸದಾಗಿ ಮಾಡಿದ, ಗುಂಡು ಹಾರಿಸಬಲ್ಲ ಕೋವಿ ಕೋವಿಯೇ. ಕೊಡಗಿನಲ್ಲಿ 1861ರಿಂದ ನಡೆದುಬಂದಿರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆದರೆ ಆ ವಿನಾಯಿತಿ ಕೊಡವರು ಮತ್ತು ಜಮ್ಮಾ ಹಿಡುವಳಿದಾರರು ಕೋವಿಯನ್ನು ಹೊಂದುವುದಕ್ಕೆ ಸಂಬಂಧಿಸಿದ್ದು, ತಯಾರಿಸುವುದಕ್ಕಲ್ಲ. ನೂರು ವರ್ಷ ಮೀರಿದ ಕೋವಿಗಳಿಗೆ 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯೂ ಅನ್ವಯಿಸುತ್ತದೆ.

ಮೂಲ ವಸ್ತುವಿನ ಸಂರಕ್ಷಣೆಗೂ ಪ್ರತಿಕೃತಿ ನೆರವಾಗುತ್ತದೆ. ಇನ್ನೂರು ವರ್ಷದ ಸ್ಪ್ರಿಂಗನ್ನು ಪರೀಕ್ಷೆಗಾಗಿ ಬಿಗಿದರೆ ಅದು ಮುರಿಯುವ ಸಂಭವವೇ ಹೆಚ್ಚು. ಹಳೆಯ ಮನೆತನಗಳಲ್ಲಿ ಉಳಿದ ಕೋವಿಗಳನ್ನು ಮರಳುಕಾಗದದಿಂದ ಉಜ್ಜಿ ಹೊಳಪು ಕೊಟ್ಟಾಗ ಕಾರೀಗರನ ಅಚ್ಚು, ಅರದ ಗೆರೆ, ಬೆಸುಗೆಯ ಗುರುತುಗಳು ಅಳಿಸಿಹೋಗುತ್ತವೆ. ಈ ಗುರುತುಗಳೇ ಕಮ್ಮಾರನ ಹಸ್ತಾಕ್ಷರ. ಬಿದನೂರು ನಗರದ ಹಾಳುಬಾವಿಯಿಂದ 2002ರಲ್ಲಿ ಸುಮಾರು 160, 2018ರಲ್ಲಿ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ದೊರೆತುದು, ಮಣ್ಣಿನಲ್ಲಿ ಹೂತ ಕಬ್ಬಿಣವೂ ಇತಿಹಾಸವನ್ನು ತಿದ್ದಬಲ್ಲುದೆಂಬುದಕ್ಕೆ ನಿದರ್ಶನ. ಅವುಗಳನ್ನು ಶಿವಮೊಗ್ಗದ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇರಿಸಿರುವುದರಿಂದ ಮುಂದಿನ ಅಧ್ಯಯನ ಸಾಧ್ಯವಾಗಿದೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳನ್ನು ನಿಗಮಿಸಬಹುದು. ಮೊದಲನೆಯದಾಗಿ, ಚಕ್ರಕೀಲು ಕನ್ನಡನಾಡಿನಲ್ಲಿ ಬಳಕೆಗೆ ಬಾರದಿರುವುದಕ್ಕೆ ಲೋಹದ ಕೊರತೆಯಾಗಲಿ, ಕಡೆಯುವ ಕೌಶಲದ ಅಭಾವವಾಗಲಿ ಕಾರಣವಲ್ಲ. ದುರಸ್ತಿಯ ಸೌಲಭ್ಯ ಮತ್ತು ವೆಚ್ಚಗಳೇ ನಿರ್ಣಾಯಕವಾದವು. ಎರಡನೆಯದಾಗಿ, ಸ್ಪ್ರಿಂಗು ಮತ್ತು ತಿರುಪುಗಳ ವಿದ್ಯೆ ರಾಜಾಶ್ರಯದ ಕಾರ್ಖಾನೆಗಳಲ್ಲಿ ನೆಲೆಗೊಂಡ ಮೇಲೆ ಮೈಸೂರು ಸೀಮೆ ಚಕ್ರಕೀಲಿನ ಹಂತವನ್ನು ದಾಟಿ ನೇರವಾಗಿ ಚಕಮಕಿಗೆ ಸಾಗಿತು. ಮೂರನೆಯದಾಗಿ, 1799ರಲ್ಲಿ ಆ ಕಾರ್ಖಾನೆಗಳು ನಿಂತುಹೋದಾಗ ಕಳೆದುದು ಕೋವಿಗಳಷ್ಟೇ ಅಲ್ಲ, ಅವನ್ನು ಮಾಡಬಲ್ಲವರ ಮುಂದಿನ ತಲೆಮಾರು ಕೂಡ.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಕಲ್ಲಿನ ಕೆಲಸಕ್ಕೆ ದೊರೆತ ಈ ಮನ್ನಣೆಯ ಒಂದು ಪಾಲಾದರೂ ಇದೇ ಸೀಮೆಯ ಕಬ್ಬಿಣದ ಕೆಲಸಕ್ಕೆ ಸಲ್ಲಬೇಕಾಗಿದೆ. ಅದಕ್ಕಾಗಿ ಜಿಲ್ಲಾ ವಸ್ತುಸಂಗ್ರಹಾಲಯಗಳಲ್ಲಿರುವ ಮತ್ತು ಮನೆತನಗಳಲ್ಲಿ ಉಳಿದಿರುವ ಕೋವಿಗಳ ಕೀಲುಗಳನ್ನು ಅಳತೆ, ಛಾಯಾಚಿತ್ರ ಮತ್ತು ಅಚ್ಚುಗಳ ವಿವರದೊಂದಿಗೆ ಪಟ್ಟಿಮಾಡುವ ಕಾರ್ಯ ಮೊದಲು ಆಗಬೇಕು. ಕುಲುಮೆಯಲ್ಲಿ ಇನ್ನೂ ಕೈಯಿಂದ ಉಕ್ಕಿಗೆ ಹದ ಕೊಡಬಲ್ಲ ಆಚಾರಿಗಳು ಅಲ್ಲಲ್ಲಿ ಇರುವಾಗಲೇ, ಅವರ ಸಹಯೋಗದಿಂದ ಈ ಕೀಲುಗಳ ಅಧ್ಯಯನ ಮಾದರಿಗಳನ್ನು ಸಿದ್ಧಪಡಿಸಿ, ಕೆಲಸದ ಪ್ರತಿಯೊಂದು ಹಂತವನ್ನೂ ಅವರ ಪರಿಭಾಷೆಯಲ್ಲಿಯೇ ದಾಖಲಿಸುವುದು ಕರ್ನಾಟಕದ ತಂತ್ರಜ್ಞಾನ ಚರಿತ್ರೆಗೆ ಉಪಯುಕ್ತ ಆಕರವಾಗುತ್ತದೆ.